ಗಾಲಿಯ ಮೇಲಿನ ಬಿಡಾರ: ಹೆಸರೆಷ್ಟು, ಹುರುಳೆಷ್ಟು?

ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಬಂಡಿ ಹೂಡಿಕೊಂಡು ಹೊರಡುತ್ತಿದ್ದ ನಮ್ಮ ಹಿರಿಯರಿಗೆ ಪ್ರಯಾಣವೆಂದರೆ ಮನೆಯನ್ನು ಹಿಂದೆ ಬಿಟ್ಟು ಹೋಗುವುದಾಗಿರಲಿಲ್ಲ. ಮನೆಯ ಒಂದು ತುಂಡನ್ನು ಜೊತೆಗೇ ಒಯ್ಯುವುದಾಗಿತ್ತು. ಕಮಾನು ಕಟ್ಟಿದ ಬಂಡಿಯೊಳಗೆ ಹುಲ್ಲಿನ ಮೆತ್ತೆ, ಕಂಬಳಿ, ಹಿಟ್ಟಿನ ಚೀಲ, ಪಾತ್ರೆ ಪಡಗ. ಬಂಡಿ ನಿಂತಲ್ಲಿ ಮೂರು ಕಲ್ಲು ಹೂಡಿದರೆ ಒಲೆ; ಕತ್ತಲಾದರೆ ಬಂಡಿಯೇ ಮಲಗುವ ಕೋಣೆ. ಊರು ಬಿಡಬೇಕು, ಆದರೆ ಸೂರು ಬಿಡಬಾರದು ಎಂಬ ಈ ಆಸೆ ಮನುಷ್ಯನಷ್ಟೇ ಹಳೆಯದು.

ಇದೇ ಆಸೆಗೆ ಇಪ್ಪತ್ತನೆಯ ಶತಮಾನದಲ್ಲಿ ಯುರೋಪು ಕೊಟ್ಟ ರೂಪವೇ ಕ್ಯಾಂಪರ್ ವ್ಯಾನು. ಹಾಸಿಗೆ, ಒಲೆ, ನೀರಿನ ತೊಟ್ಟಿ, ಕಪಾಟುಗಳನ್ನು ಒಡಲೊಳಗೆ ಇಟ್ಟುಕೊಂಡೇ ಓಡುವ ಮೋಟಾರು. ಇಂಥ ಗಾಡಿಗಳನ್ನು ಮಾಡಿದವರು ಹಲವರಿದ್ದರೂ ಜಗತ್ತಿನ ಕಣ್ಣಲ್ಲಿ ನಿಂತಿರುವ ಚಿತ್ರ ಒಂದೇ: ದುಂಡು ಮೂತಿಯ, ಎರಡು ಬಣ್ಣದ, ಮೇಲೇಳುವ ಚಾವಣಿಯ ಜರ್ಮನಿಯ ಫೋಕ್ಸ್‌ವ್ಯಾಗನ್ ವ್ಯಾನು. ಟೀ ಷರ್ಟುಗಳ ಮೇಲೆ, ಚಹಾ ಬಟ್ಟಲುಗಳ ಮೇಲೆ ಅದು ಅಚ್ಚಾಗಿದೆ. ಸ್ವಾತಂತ್ರ್ಯ, ಯೌವನ, ಕಡಲ ತೀರ ಎಂಬ ಮೂರು ಮಾತುಗಳಿಗೆ ಅದೇ ಚಿಹ್ನೆ. ಇಷ್ಟೊಂದು ಹೆಸರು ಹೊತ್ತ ಗಾಡಿ ಆ ಹೆಸರಿಗೆ ತಕ್ಕಂತಿದೆಯೇ? ಉತ್ತರ ಕಂಡುಕೊಳ್ಳಬೇಕಾದರೆ ಅದರ ಹುಟ್ಟಿನತ್ತ ಒಮ್ಮೆ ನೋಡಬೇಕು.

ಎರಡನೆಯ ಮಹಾಯುದ್ಧ ಮುಗಿದಾಗ ವೋಲ್ಫ್ಸ್‌ಬರ್ಗಿನ ಫೋಕ್ಸ್‌ವ್ಯಾಗನ್ ಕಾರ್ಖಾನೆ ಬ್ರಿಟಿಷ್ ಸೇನೆಯ ಸುಪರ್ದಿಗೆ ಬಂದಿತ್ತು. ನಾಜಿಗಳು ಕಟ್ಟಿಸಿದ, ಯುದ್ಧಕಾಲದಲ್ಲಿ ಸೆರೆಯಾಳುಗಳನ್ನು ಬಲವಂತವಾಗಿ ದುಡಿಸಿಕೊಂಡ ಕಾರ್ಖಾನೆ ಅದು. ಮುಂದೊಂದು ದಿನ ಶಾಂತಿಯ ಚಿಹ್ನೆ ಬರೆಸಿಕೊಂಡು ಮೆರೆದ ವಾಹನ ಇಂಥ ನೆಲದಲ್ಲಿ ಹುಟ್ಟಿತೆಂಬುದು ಇತಿಹಾಸದ ವ್ಯಂಗ್ಯಗಳಲ್ಲೊಂದು. ಡಚ್ ಕಾರು ವ್ಯಾಪಾರಿ ಬೆನ್ ಪಾನ್ ಅಲ್ಲಿಗೆ ಹೋದಾಗ ಕಾರ್ಖಾನೆಯೊಳಗೆ ಬಿಡಿಭಾಗಗಳನ್ನು ಸಾಗಿಸಲು ಬೀಟಲ್ ಕಾರಿನ ತಳಪಾಯದ ಮೇಲೆ ಹಲಗೆ ಕೂರಿಸಿ ಮಾಡಿಕೊಂಡಿದ್ದ ಒರಟು ಬಂಡಿಗಳನ್ನು ಕಂಡ. 1947ರ ಏಪ್ರಿಲ್ 23ರಂದು ತನ್ನ ಟಿಪ್ಪಣಿ ಪುಸ್ತಕದಲ್ಲಿ ಒಂದು ಪೆಟ್ಟಿಗೆಯ ಚಿತ್ರ ಗೀಚಿದ: ಮುಂದೆ ಚಾಲಕ, ಹಿಂದೆ ಎಂಜಿನು, ನಡುವೆ ಸರಕು. ಆ ಗೀಚೇ 1950ರ ಮಾರ್ಚಿಯಲ್ಲಿ ವ್ಯಾನಾಗಿ ಹೊರಬಂತು. ಅದರ ಎಂಜಿನಿನ ಗಾತ್ರ 1131 ಘನ ಸೆಂಟಿಮೀಟರು, ಬಲ ಬರೇ 25 ಅಶ್ವಶಕ್ತಿ.

ಗಮನಿಸಬೇಕಾದ ಸಂಗತಿಯೆಂದರೆ ಆ ವ್ಯಾನು ವಿಹಾರಕ್ಕಾಗಿ ಹುಟ್ಟಿದ್ದಲ್ಲ. ಯುದ್ಧದಲ್ಲಿ ಕುಸಿದ ದೇಶದ ಬಡಗಿ, ತರಕಾರಿ ವ್ಯಾಪಾರಿ, ಬೇಕರಿಯವರಿಗೆ ಬೇಕಾದ ಸಾಮಾನು ಗಾಡಿ ಅದು. ಅದರೊಳಗೆ ಹಾಸಿಗೆ ಹಾಸಿದವರು ಬೇರೆಯವರು. ವೀಡೆನ್‌ಬ್ರುಕ್ ಎಂಬ ಊರಿನಲ್ಲಿ 1844ರಲ್ಲಿ ಕಮ್ಮಾರಸಾಲೆಯಾಗಿ ಶುರುವಾದ ವೆಸ್ಟ್‌ಫಾಲಿಯಾ ಸಂಸ್ಥೆ 1951ರಲ್ಲಿ ‘ಕ್ಯಾಂಪಿಂಗ್ ಬಾಕ್ಸ್’ ಎಂಬ ಮರದ ಸಜ್ಜನ್ನು ತಯಾರಿಸಿತು. ಬೇಕಾದಾಗ ಒಳಗಿಡಬಹುದು, ಬೇಡವಾದಾಗ ಹೊರತೆಗೆಯಬಹುದು. ವಾರವಿಡೀ ಸರಕು ಹೊತ್ತ ವ್ಯಾನು ಶನಿವಾರ ಸಂಜೆ ಬಿಡಾರವಾಗುತ್ತಿತ್ತು, ಸೋಮವಾರ ಬೆಳಿಗ್ಗೆ ಮತ್ತೆ ದುಡಿಮೆಗೆ ಇಳಿಯುತ್ತಿತ್ತು. ಎರಡು ಗಾಡಿ ಕೊಳ್ಳಲಾರದವನಿಗೆ ಒಂದರಲ್ಲೇ ಎರಡು ಕೆಲಸ. ಕ್ಯಾಂಪರಿನ ಮೂಲ ಗುಟ್ಟು ಇದೇ. ಈ ಮಾತನ್ನು ನೆನಪಿಟ್ಟುಕೊಳ್ಳೋಣ.

ಕಾರ್ಖಾನೆಯಲ್ಲೇ ಸಿದ್ಧವಾದ ಕ್ಯಾಂಪರ್ ಎಂಬ ಹೊಗಳಿಕೆಯ ಹಿಂದಿನ ನಿಜವೂ ಇಲ್ಲೇ ಇದೆ. ಸುಮಾರು ಅರ್ಧ ಶತಮಾನದವರೆಗೆ ಈ ಗಾಡಿ ಒಂದು ಕಾರ್ಖಾನೆಯದಾಗಿರಲಿಲ್ಲ, ಎರಡರದಾಗಿತ್ತು. ವ್ಯಾನು ಫೋಕ್ಸ್‌ವ್ಯಾಗನ್ನಿನದು, ಒಳಗಿನ ಸಂಸಾರ ವೆಸ್ಟ್‌ಫಾಲಿಯಾದ್ದು. ಕಂಪೆನಿಯ ಮಾರಾಟಗಾರರೇ ಮಾರುತ್ತಿದ್ದರಿಂದ ಜನ ಅದನ್ನು ಕಂಪೆನಿಯದೇ ಎಂದುಕೊಂಡರು. 1988ರಲ್ಲಿ ‘ಕ್ಯಾಲಿಫೋರ್ನಿಯಾ’ ಎಂಬ ಹೆಸರಿನಲ್ಲಿ ಬಂದ ಮಾದರಿಯದೂ ಇದೇ ಕತೆ. ವೆಸ್ಟ್‌ಫಾಲಿಯಾ ಸಂಸ್ಥೆ ಪ್ರತಿಸ್ಪರ್ಧಿಯಾದ ಡೈಮ್ಲರ್ ಕ್ರೈಸ್ಲರ್ ಕೈಗೆ ಹೋದ ಮೇಲೆ ಈ ನಂಟು ಹರಿಯಿತು. 2003ರಿಂದ ಕ್ಯಾಲಿಫೋರ್ನಿಯಾವನ್ನು ಫೋಕ್ಸ್‌ವ್ಯಾಗನ್ ಹಾನೋವರಿನಲ್ಲಿ ತಾನೇ ಪೂರ್ತಿಯಾಗಿ ತಯಾರಿಸತೊಡಗಿತು.

ಹೆಸರು ಬಂದದ್ದು ಮಾತ್ರ ಜರ್ಮನಿಯಿಂದಲ್ಲ, ಅಮೆರಿಕದಿಂದ. ಯುರೋಪು ಅಮೆರಿಕದ ಕೋಳಿಮಾಂಸದ ಮೇಲೆ ಸುಂಕ ಹೇರಿದ್ದಕ್ಕೆ ಪ್ರತೀಕಾರವಾಗಿ ಅಮೆರಿಕ 1964ರಿಂದ ಹೊರದೇಶದ ಸಣ್ಣ ಸರಕು ವಾಹನಗಳ ಮೇಲೆ ನೂರಕ್ಕೆ 25ರ ಸುಂಕ ವಿಧಿಸಿತು. ಕೋಳಿಯ ಜಗಳದಲ್ಲಿ ಜರ್ಮನಿಯ ಸಾಮಾನು ವ್ಯಾನಿಗೆ ಬಾಗಿಲು ಮುಚ್ಚಿತು. ಜನ ಕೂರುವ, ಮಲಗುವ ವ್ಯಾನುಗಳಿಗೆ ತೆರೆದೇ ಇತ್ತು. ಹಳೆಯ ವ್ಯಾನುಗಳು ಅಗ್ಗವಾಗಿ ಸಿಗತೊಡಗಿದಾಗ ಕಾಲೇಜು ಬಿಟ್ಟ ಹುಡುಗರು, ಅಲೆಸವಾರಿಯ ಹುಚ್ಚಿನವರು, ವಿಯೆಟ್ನಾಂ ಯುದ್ಧದ ವಿರೋಧಿಗಳು ಅವನ್ನು ಕೊಂಡರು. 1969ರ ವುಡ್‌ಸ್ಟಾಕ್ ಸಂಗೀತೋತ್ಸವಕ್ಕೆ ಬಂದ, ಕಲಾವಿದ ಬಾಬ್ ಹೈರೋನಿಮಸ್ ಮೈತುಂಬ ಚಿತ್ರ ಬರೆದಿದ್ದ ವ್ಯಾನು ಪತ್ರಿಕೆಗಳಲ್ಲಿ ಅಚ್ಚಾಗಿ ಒಂದು ಪೀಳಿಗೆಯ ಗುರುತಾಯಿತು. ಬಡವನ ಗಾಡಿ ಬಂಡಾಯದ ಗಾಡಿಯಾಯಿತು.

ಅದೇ ಕಾಲದಲ್ಲಿ ಈ ವ್ಯಾನುಗಳು ನಮ್ಮ ಕಡೆಗೂ ಮೂತಿ ತಿರುಗಿಸಿದವು. ಇಸ್ತಾಂಬುಲ್, ಟೆಹರಾನ್, ಕಾಬೂಲ್ ಹಾದು ದೆಹಲಿಗೆ, ಅಲ್ಲಿಂದ ಗೋವೆಯ ಅಂಜುನಾ ಕಡಲ ತೀರಕ್ಕೆ ಬರುವ ನೆಲದ ಹಾದಿಯಲ್ಲಿ ಸಾವಿರಾರು ಯುವಕರು ಬಂದರು. ಕೆಲವರು ಬಸ್ಸಿನಲ್ಲಿ, ಕೆಲವರು ಇಂಥ ಗಾಡಿಗಳಲ್ಲಿ. 1979ರ ಇರಾನ್ ಕ್ರಾಂತಿ, ಅದೇ ವರ್ಷದ ಕೊನೆಯಲ್ಲಿ ಅಫ್ಘಾನಿಸ್ತಾನಕ್ಕೆ ನುಗ್ಗಿದ ಸೋವಿಯತ್ ಸೇನೆ ಆ ಹಾದಿಯನ್ನು ಮುಚ್ಚಿದವು. ಮುಂದೆ ಗೋವೆಯ ಗದ್ದಲ ಬೇಡವೆಂದು ನಮ್ಮ ಗೋಕರ್ಣದ ಓಂ ತೀರ, ಕುಡ್ಲೆ ತೀರಗಳಿಗೆ ಬಂದ ವಿದೇಶೀಯರು ಬೆನ್ನಿಗೆ ಚೀಲ ಹಾಕಿಕೊಂಡು ಬಂದವರು. 1998ರಲ್ಲಿ ಕೊಂಕಣ ರೈಲು ಪೂರ್ಣವಾಗಿ ಓಡತೊಡಗಿದ ಮೇಲಂತೂ ಅವರಿಗೆ ವ್ಯಾನಿನ ನೆನಪೂ ಬೇಕಾಗಲಿಲ್ಲ.

ಇನ್ನು ಹೆಸರನ್ನು ಒರೆಗೆ ಹಚ್ಚೋಣ. ಮೊದಲನೆಯದು, ಗಟ್ಟಿತನ. ಹಳೆಯ ಎಂಜಿನನ್ನು ತಂಪಾಗಿಡುವುದು ಗಾಳಿಯೇ ಹೊರತು ನೀರಲ್ಲ. ಆದ್ದರಿಂದ ಮರುಭೂಮಿಯಲ್ಲಿ ನೀರು ಕುದಿಯುವ, ಚಳಿಯಲ್ಲಿ ಹೆಪ್ಪುಗಟ್ಟುವ ತಂಟೆ ಇಲ್ಲ. ರಚನೆ ಸರಳ, ಸಾಮಾನ್ಯ ಸಲಕರಣೆಗಳಿಂದ ರಸ್ತೆ ಬದಿಯಲ್ಲೇ ಬಿಚ್ಚಿ ಜೋಡಿಸಬಹುದು. ಇದಿಷ್ಟೂ ನಿಜ. ಆದರೆ ಏರು ಸಿಕ್ಕರೆ ಗಾಡಿ ಏದುಸಿರು ಬಿಡುತ್ತಿತ್ತು. ಹಿಂದಿನ ಎಂಜಿನಿನ ಶಾಖ ಉದ್ದದ ಕೊಳವೆಗಳಲ್ಲಿ ಮುಂದಕ್ಕೆ ಬರುವಷ್ಟರಲ್ಲಿ ಆರಿಹೋಗಿ ಚಾಲಕ ಚಳಿಯಲ್ಲಿ ನಡುಗುತ್ತಿದ್ದ. ಅವನ ಕಾಲುಗಳು ಮುಂಗಾಲಿಗಳ ಮೇಲೆ, ತಗಡಿನ ಒಂದು ಪದರದ ಹಿಂದೆ ಇರುತ್ತಿದ್ದುದರಿಂದ ಎದುರು ಡಿಕ್ಕಿಯಲ್ಲಿ ಮೊದಲ ಪೆಟ್ಟು ಅವನಿಗೇ. ಹಳತಾದ ಪೆಟ್ರೋಲು ಕೊಳವೆ ಸೀಳಿ ಬೆಂಕಿ ಹತ್ತಿದರೆ ಮೆಗ್ನೀಷಿಯಂ ಮಿಶ್ರಲೋಹದ ಎಂಜಿನನ್ನು ಆರಿಸುವುದು ಕಷ್ಟ. 1982ರಲ್ಲಿ ನೀರಿನಿಂದ ತಂಪಾಗುವ ಎಂಜಿನು ಬಂದಾಗ ಚಳಿಯ ಕಾಟ ತಗ್ಗಿತು. ಬದಲಿಗೆ ಎಂಜಿನಿನ ತಲೆಭಾಗದಲ್ಲಿ ನೀರು ಸೋರುವ ಕೆಟ್ಟ ಹೆಸರು ಬಂತು. ಗಟ್ಟಿ ಎಂಬ ಕೀರ್ತಿಯಲ್ಲಿ ಅರ್ಧ ಪಾಲು ಗಾಡಿಯದಾದರೆ ಇನ್ನರ್ಧ ಅದನ್ನು ಪದೇ ಪದೇ ರಿಪೇರಿ ಮಾಡಿಕೊಂಡ ಒಡೆಯರ ತಾಳ್ಮೆಯದು.

ಎರಡನೆಯದು, ಮನೆಯೆಂಬ ಮಾತು. 2015ರಲ್ಲಿ ಬಂದ ಆರನೆಯ ತಲೆಮಾರಿನ ಕ್ಯಾಲಿಫೋರ್ನಿಯಾವನ್ನೇ ತೆಗೆದುಕೊಳ್ಳಿ. ಉದ್ದ 4.90 ಮೀಟರು, ಎತ್ತರ 1.99 ಮೀಟರು. ಇಷ್ಟರೊಳಗೆ ನಾಲ್ವರಿಗೆ ಹಾಸಿಗೆ, ಎರಡು ಉರಿಯ ಗ್ಯಾಸ್ ಒಲೆ, ಸಣ್ಣ ತಂಪುಪೆಟ್ಟಿಗೆ, 30 ಲೀಟರು ನೀರು. ಗುಂಡಿ ಒತ್ತಿದರೆ ಚಾವಣಿ ಮೇಲೇಳುತ್ತದೆ. ಜಾಣತನದ ಜೋಡಣೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ನಾಲ್ಕು ಕೊಡ ನೀರೂ ಹಿಡಿಯದ ತೊಟ್ಟಿಯಲ್ಲಿ ನಾಲ್ಕು ಜನರ ಸಂಸಾರ ಎಷ್ಟು ಹೊತ್ತು ನಡೆದೀತು? ಶೌಚಾಲಯವಿಲ್ಲ, ಸ್ನಾನದ ಮನೆಯಿಲ್ಲ. ಮೇಲೆದ್ದ ಚಾವಣಿಯ ಪಕ್ಕಗಳು ಬಟ್ಟೆಯವು. ಹೊರಗಿನ ಚಳಿ, ಮಳೆಯ ಸದ್ದು ಎರಡೂ ಒಳಕ್ಕೆ ಬರುತ್ತವೆ. ಬೆಳಿಗ್ಗೆ ಗಾಜಿನ ಮೇಲೆ ಉಸಿರಿನ ಹನಿ. ಹಾಸಿಗೆ ಮಡಿಸದೆ ಕೂರುವಂತಿಲ್ಲ, ಕೂತವರು ಏಳದೆ ಹಾಸಿಗೆ ಬಿಡಿಸುವಂತಿಲ್ಲ. ಇದನ್ನು ಮನೆ ಎನ್ನುವುದಕ್ಕಿಂತ ಹಡಗಿನ ಕೋಣೆ ಎನ್ನುವುದೇ ಲೇಸು. ಒಂದನ್ನು ತೆಗೆದಲ್ಲೇ ಇಡುವ ಶಿಸ್ತು ಇದ್ದವರಿಗೆ ಸುಖ, ಇಲ್ಲದವರಿಗೆ ದಿನವೂ ಜಗಳ.

ಜಾಹೀರಾತುಗಳು ಹೇಳದ ಇನ್ನೊಂದು ಮಾತಿದೆ. ಅಡುಗೆಮನೆ ಜೊತೆಗೆ ಬಂದರೆ ಅಡುಗೆಯ ದುಡಿಮೆಯೂ ಜೊತೆಗೇ ಬರುತ್ತದೆ. ಹಳೆಯ ಪ್ರಚಾರ ಚಿತ್ರಗಳಲ್ಲಿ ಗಂಡ ಮಡಿಸುವ ಕುರ್ಚಿಯಲ್ಲಿ ಕೂತು ಗುಡ್ಡ ನೋಡುತ್ತಿದ್ದರೆ ಹೆಂಡತಿ ನಗುನಗುತ್ತ ಒಲೆಯ ಮುಂದೆ ನಿಂತಿರುತ್ತಾಳೆ. ಹೊಟೇಲಿನ ಖರ್ಚು ಉಳಿಯಿತು ಎಂಬ ಲೆಕ್ಕದಲ್ಲಿ ಅವಳ ರಜೆಯನ್ನು ಯಾರೂ ಹಿಡಿಯಲಿಲ್ಲ. ಎಲ್ಲಮ್ಮನ ಗುಡ್ಡದಲ್ಲಿ ಮೂರು ಕಲ್ಲಿನ ಒಲೆ ಊದಿದ ನಮ್ಮ ಅಜ್ಜಿಯರಿಗೂ ಈ ಲೆಕ್ಕ ಚೆನ್ನಾಗಿ ಅರ್ಥವಾಗುತ್ತಿತ್ತು. ಬಿಡಾರದಲ್ಲಿ ಯಾರು ಪಾತ್ರೆ ತೊಳೆಯುತ್ತಾರೆ ಎಂಬುದು ಗಾಡಿಯ ಗುಣವನ್ನು ಅಳೆಯುವ ಒಂದು ಅಳತೆಗೋಲೇ ಸರಿ.

ಮೂರನೆಯದು, ಎಲ್ಲಕ್ಕಿಂತ ದೊಡ್ಡ ಆಶ್ವಾಸನೆ: ಸ್ವಾತಂತ್ರ್ಯ. ಮನಸ್ಸು ಬಂದಲ್ಲಿ ನಿಲ್ಲಬಹುದು ಎಂಬ ಚಿತ್ರ ಸುಂದರ, ಆದರೆ ಕಾನೂನು ಒಪ್ಪಬೇಕಲ್ಲ? ಜರ್ಮನಿಯಲ್ಲಿ ದಣಿದ ಚಾಲಕ ಸುಧಾರಿಸಿಕೊಳ್ಳಲು ರಸ್ತೆ ಬದಿಯ ನಿಲುಗಡೆಯಲ್ಲಿ ಒಂದು ರಾತ್ರಿ ಮಲಗಬಹುದು. ಕುರ್ಚಿ ಮೇಜು ಹರಡಿ ಬಿಡಾರ ಹೂಡುವಂತಿಲ್ಲ. ಸ್ವೀಡನ್ನಿನಲ್ಲಿ ಪ್ರಕೃತಿಯ ಮಡಿಲಲ್ಲಿ ಓಡಾಡುವುದು ಎಲ್ಲರ ಹಕ್ಕು. ಆದರೆ ಆ ಹಕ್ಕು ಕಾಲ್ನಡಿಗೆಯವನದು, ರಸ್ತೆ ಬಿಟ್ಟು ಮೋಟಾರು ಓಡಿಸುವವನದಲ್ಲ. ಪೋರ್ಚುಗಲ್ 2021ರಲ್ಲಿ ತನ್ನ ನಿಯಮಗಳನ್ನು ಬಿಗಿಗೊಳಿಸಿತು. ಹೀಗಾಗಿ ಬಹುಪಾಲು ಕ್ಯಾಂಪರುಗಳು ರಾತ್ರಿ ಕಳೆಯುವುದು ಹಣ ಕೊಟ್ಟು, ಸಾಲಾಗಿ ನಿಲ್ಲುವ ಶಿಬಿರದ ಮೈದಾನಗಳಲ್ಲಿ. ಮುಕ್ತ ಹಾದಿಯ ಕನಸು ಕೊನೆಗೆ ಸಂಖ್ಯೆ ಬರೆದ ಚೌಕದಲ್ಲಿ ಬಂದು ನಿಲ್ಲುತ್ತದೆ. ಒಬ್ಬನೇ ಬಂದು ನಿಂತಾಗ ಸೊಗಸಾಗಿದ್ದ ಕಡಲ ತೀರ ನೂರು ಜನ ಬಂದು ನಿಂತಾಗ ತೀರವಾಗಿ ಉಳಿಯುವುದಿಲ್ಲ. ನಿಷೇಧದ ಫಲಕ ನೆಟ್ಟ ಊರಿನವರನ್ನು ದೂರುವಂತೆಯೂ ಇಲ್ಲ.

ಹಾಗಾದರೆ ಇದೆಲ್ಲ ಬರೇ ಹೆಸರೇ? ಹಾಗೆ ತೀರ್ಮಾನಿಸಿದರೆ ಅನ್ಯಾಯವಾದೀತು. ಕಾರ್ಖಾನೆಯಲ್ಲಿ ತಯಾರಾಗುವುದರ ನಿಜವಾದ ಲಾಭ ಕಣ್ಣಿಗೆ ಕಾಣದ ಕಡೆ ಇದೆ. ಮನೆಯಲ್ಲೇ ಬಡಗಿ ಕೆಲಸ ಮಾಡಿ ಕೂರಿಸಿದ ಬೀರು ಬ್ರೇಕು ಒತ್ತಿದಾಗ ಕಳಚಿ ಮುಂದಕ್ಕೆ ಹಾರಬಹುದು. ಕಾರ್ಖಾನೆಯಲ್ಲಾದರೆ ಆಸನ, ಸೀಟು ಬೆಲ್ಟು, ಕಪಾಟು, ಗ್ಯಾಸಿನ ಕೊಳವೆ, ತಂತಿ ಎಲ್ಲವೂ ಒಂದೇ ವಿನ್ಯಾಸದ ಭಾಗವಾಗಿ ಪರೀಕ್ಷೆಗೆ ಒಳಪಟ್ಟಿರುತ್ತವೆ. ಕೆಟ್ಟರೆ ಕೇಳಲು ಒಂದೇ ವಿಳಾಸ. ಇನ್ನೊಂದು, ಆ 1.99 ಮೀಟರು ಎಂಬ ಅಂಕೆ. ಯುರೋಪಿನ ಅನೇಕ ನೆಲಮಾಳಿಗೆ ನಿಲ್ದಾಣಗಳಲ್ಲಿ ಎತ್ತರದ ಮಿತಿ ಎರಡು ಮೀಟರು. ಅದಕ್ಕಿಂತ ಒಂದು ಸೆಂಟಿಮೀಟರು ತಗ್ಗಿ ನಿಂತಿರುವುದರಿಂದಲೇ ಈ ಗಾಡಿ ಸೋಮವಾರ ಶಾಲೆಗೆ, ಸಂತೆಗೆ, ಕಚೇರಿಗೆ ಹೋಗಬಲ್ಲದು. ದೊಡ್ಡ ಮೋಟಾರು ಮನೆಗಳಲ್ಲಿ ಸ್ನಾನದ ಕೋಣೆಯಿದೆ, ಆದರೆ ಅವು ವರ್ಷದ ಬಹುಭಾಗ ಶೆಡ್ಡಿನಲ್ಲಿ ನಿದ್ದೆ ಮಾಡುತ್ತವೆ. 1951ರ ಮರದ ಪೆಟ್ಟಿಗೆ ಹೇಳಿದ ಮಾತನ್ನೇ ಇದು ಇಂದಿಗೂ ಹೇಳುತ್ತಿದೆ: ಒಂದು ಗಾಡಿ, ಎರಡು ಬದುಕು.

ಬದಲಾಗಿರುವುದು ಆ ಮಾತನ್ನು ಕೇಳಿಸಿಕೊಳ್ಳಬಲ್ಲವರು ಯಾರು ಎಂಬುದು. 2024ರಲ್ಲಿ ಬಂದ ಹೊಸ ಕ್ಯಾಲಿಫೋರ್ನಿಯಾದ ಬೆಲೆ ಜರ್ಮನಿಯಲ್ಲಿ 60 ಸಾವಿರ ಯೂರೊಗಿಂತ ಹೆಚ್ಚು. ಹಳೆಯ ವ್ಯಾನುಗಳನ್ನು ಈಗ ಕೊಳ್ಳುವವರು ಸಂಗ್ರಹಕಾರರು. ಬ್ರೆಜಿಲ್ಲಿನಲ್ಲಿ ‘ಕೊಂಬಿ’ ಎಂಬ ಹೆಸರಿನಲ್ಲಿ ಹಳೆಯ ಮಾದರಿಯೇ ಬಹುಕಾಲ ದುಡಿಯುವ ಜನರ ಗಾಡಿಯಾಗಿ ಉಳಿದಿತ್ತು. ಗಾಳಿಚೀಲ, ಜಾರದಂತೆ ತಡೆಯುವ ಬ್ರೇಕು ಕಡ್ಡಾಯವಾದಾಗ 2013ರ ಕೊನೆಗೆ ಅದೂ ನಿಂತಿತು. ಬಡಗಿಗೆಂದು ಹುಟ್ಟಿದ್ದು, ಬಂಡಾಯಗಾರನ ಕೈಗೆ ಬಂದದ್ದು, ಈಗ ಉಳ್ಳವರ ಅಂಗಳದಲ್ಲಿ ನಿಂತಿದೆ. ಗಾಡಿ ಮಾತಿಗೆ ತಪ್ಪಲಿಲ್ಲ. ಮಾತು ಕೊಟ್ಟದ್ದು ಯಾರಿಗೆ ಎಂಬುದನ್ನು ಮಾರುಕಟ್ಟೆ ಮರೆಯಿತು.

ನಮ್ಮಲ್ಲೂ ಇದರ ಗಾಳಿ ಬೀಸಿದೆ. ಕೇರಳ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮಕ್ಕೆಂದೇ ನೀತಿ ರೂಪಿಸಿತು. ಬಾಡಿಗೆಗೆ ಹಿಡಿದು ನಾಲ್ಕು ದಿನ ಸುತ್ತುವವರಿಗೂ ಕೊಳ್ಳಲು ಹೊರಟವರಿಗೂ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಅವೇ: ನೀರು ಎಲ್ಲಿ ತುಂಬಿಸುವುದು, ಕೊಳೆ ಎಲ್ಲಿ ಚೆಲ್ಲುವುದು, ರಾತ್ರಿ ಎಲ್ಲಿ ನಿಲ್ಲುವುದು, ಒಲೆ ಯಾರು ಹಚ್ಚುವುದು. ಈ ನಾಲ್ಕಕ್ಕೆ ಉತ್ತರವಿದ್ದರೆ ಕ್ಯಾಂಪರು ಹೆಸರಿಗೆ ತಕ್ಕ ಗಾಡಿ. ಇಲ್ಲವಾದರೆ ಊರಾಚೆಯ ಛತ್ರವೇ ಮೇಲು. ಅಲ್ಲಿ ಕೊನೆಯ ಪಕ್ಷ ಕಾಲು ಚಾಚಿ ಮಲಗಬಹುದು.