ತುಂಗಭದ್ರೆಯ ನೀರುನಾಯಿಗಳು

ಹಂಪೆಗೆ ಹೋದವರು ಕಲ್ಲಿನ ರಥವನ್ನು ಕಂಡು ಕೃತಾರ್ಥರಾಗಿ ಹಿಂದಿರುಗುತ್ತಾರೆ. ಪಕ್ಕದಲ್ಲಿ ಹರಿಯುವ ಹೊಳೆಯು ಅವರಿಗೆ ಆನೆಗೊಂದಿಗೆ ದಾಟುವ ದಾರಿ ಮಾತ್ರ. ಹವಳದ ದಿಬ್ಬಗಳನ್ನು ಕಾಯಲು ಮನ್ನಾರ್ ಕೊಲ್ಲಿಯಲ್ಲಿ ಕಡಲ ಉದ್ಯಾನವಿರುವುದನ್ನು ಬಲ್ಲವರಿಗೂ ಈ ಹೊಳೆಯೇ ಒಂದು ರಕ್ಷಿತ ಪ್ರದೇಶವೆಂಬುದು ತಿಳಿದಿರುವುದು ಅಪರೂಪ. ಹೊಸಪೇಟೆಯ ಅಣೆಕಟ್ಟಿನ ಬಳಿಯ ಮುದ್ಲಾಪುರದಿಂದ ಕಂಪ್ಲಿಯ ಸೇತುವೆಯವರೆಗೆ, ಸುಮಾರು 34 ಕಿಲೋಮೀಟರ್ ಉದ್ದದ ನದಿಯನ್ನು ಸರ್ಕಾರವು 2015ರಲ್ಲಿ ನೀರುನಾಯಿಗಳ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ನೀರುನಾಯಿಗೆಂದೇ ಮೀಸಲಾದ ಇಂತಹ ಪ್ರದೇಶವು ದೇಶದಲ್ಲಿ ಅದೇ ಮೊದಲನೆಯದು.

ಇಲ್ಲಿ ಬೇಲಿಯಿಲ್ಲ, ಹೆಬ್ಬಾಗಿಲಿಲ್ಲ. ಬೆಳಗಿನ ಜಾವ ತಳವಾರಘಟ್ಟದ ಬಂಡೆಗಳ ಮರೆಯಲ್ಲಿ ಸದ್ದಿಲ್ಲದೆ ಕುಳಿತುಕೊಳ್ಳುವ ತಾಳ್ಮೆಯೊಂದೇ ಬೇಕು. ಮೊದಲು ಕಣ್ಣಿಗೆ ಬಿದ್ದದ್ದು ಚಪ್ಪಟೆ ಬಂಡೆಯ ಮೇಲಿನ ಹಿಕ್ಕೆ. ತುಂಬ ಮೀನಿನ ಹುರುಪೆಗಳು, ಮೂಗು ಮುಚ್ಚಿಕೊಳ್ಳುವಂತಹ ನಾತ. ಹಿಂಡಿನ ಗಡಿಗಲ್ಲು ಅದೇ! ಅರ್ಧ ಗಂಟೆಯ ಬಳಿಕ ನೀರಿನ ಮೇಲೆ ಐದು ತಲೆಗಳು ಮೂಡಿದವು. ಹೆಸರಿನಲ್ಲಿ ನಾಯಿಯೆಂದಿದ್ದರೂ ಇದು ನಾಯಿಯ ಕುಲದ್ದಲ್ಲ. ಬೆರಳುಗಳ ನಡುವೆ ಜಾಲಪೊರೆ, ಚಪ್ಪಟೆಯಾದ ಬಾಲ, ನುಣುಪಾದ ಕಂದು ತುಪ್ಪಳ. ಕಲಕಿದ ನೀರಿನಲ್ಲಿಯೂ ಮೀನಿನ ಸುಳಿವನ್ನು ಅದರ ಮೀಸೆಗೂದಲುಗಳು ಗ್ರಹಿಸಬಲ್ಲವು. ಹಿಂಡು ಒಟ್ಟಾಗಿ ಮೀನುಗಳನ್ನು ದಡದ ಕಡೆಗೆ ಅಟ್ಟಿತು. ಒಂದು ನೀರುನಾಯಿ ಮೀನನ್ನು ಮುಂಗಾಲುಗಳಲ್ಲಿ ಹಿಡಿದು, ಕಡಲೆಕಾಯಿ ತಿನ್ನುವ ಹುಡುಗನಂತೆ ನಿಶ್ಚಿಂತೆಯಿಂದ ಕಡಿಯತೊಡಗಿತು.

ಅದೇ ಮೀನನ್ನು ನೆಚ್ಚಿದ ಮನುಷ್ಯರೂ ಇದೇ ದಡದಲ್ಲಿರುವರು. ಹರಿಗೋಲಿನ ಮುದುಕನೊಬ್ಬನನ್ನು ಕೇಳಿದೆವು.

"ಬಲಿ ಹರೀತಾವ್ರೀ, ಸಿಟ್ಟು ಬರ್ತೈತಿ. ಆದ್ರ ಅವು ಹೊಟ್ಟೀಗೆ ಬೇಕಾದಷ್ಟು ತಿಂದು ಹೋಗ್ತಾವ. ಮದ್ದು ಸಿಡಿಸೋರು ಮರಿಮೀನೂ ಉಳಿಸಂಗಿಲ್ಲ" ಎಂದನು.

ಮುದುಕನ ಲೆಕ್ಕವು ಸರಿಯೆಂದೇ ನಮಗೆ ತೋರಿತು. ಸಿಡಿಮದ್ದಿನ ಪೆಟ್ಟಿಗೆ ಮೀನೂ ಸಾಯುತ್ತದೆ, ಸಮೀಪದ ನೀರುನಾಯಿಯೂ ಸಾಯುತ್ತದೆ. ಇದಲ್ಲದೆ ಗದ್ದೆಗಳ ಕೀಟನಾಶಕ, ಮರಳು ಸಾಗಣೆ. ಅಣೆಕಟ್ಟಿನಿಂದ ನೀರು ಬಾರದ ಬೇಸಗೆಯಲ್ಲಿ ಹೊಳೆಯು ಮಡುಗಳಾಗಿ ಒಡೆಯುತ್ತದೆ. ಆಗ ನೀರುನಾಯಿಯೂ ಬಲೆಯೂ ಒಂದೇ ಮಡುವಿನಲ್ಲಿ ಸಂಧಿಸಬೇಕಾಗುತ್ತದೆ.

ದರೋಜಿಯ ಕರಡಿಧಾಮದಂತೆ ಇದು ಅಭಯಾರಣ್ಯವಲ್ಲ. 1972ರ ವನ್ಯಜೀವಿ ಕಾಯಿದೆಗೆ 2002ರಲ್ಲಾದ ತಿದ್ದುಪಡಿಯು ಸಂರಕ್ಷಣಾ ಮೀಸಲೆಂಬ ಈ ಬಗೆಯನ್ನು ಸೇರಿಸಿತು. ಸ್ಥಳೀಯರೊಡನೆ ಸಮಾಲೋಚಿಸಿಯೇ ಇದನ್ನು ಘೋಷಿಸಬೇಕು. ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಗಳ ಪ್ರತಿನಿಧಿಗಳೂ ಇರಬೇಕು. ಕಾಗದದ ಮೇಲಿನ ಈ ಮಾತು ಮುದುಕನಂತಹವರ ಕಿವಿಗೆ ಎಷ್ಟರಮಟ್ಟಿಗೆ ತಲುಪಿದೆಯೋ! ಕೇಳಿದಾಗ ಅವನು ನಕ್ಕು ಹುಟ್ಟನ್ನು ಕೈಗೆತ್ತಿಕೊಂಡನು.

ಬಿಸಿಲೇರಿತು. ಆಚೆ ದಡದಲ್ಲಿ ಪ್ರವಾಸಿಗಳ ಗದ್ದಲ ಕೇಳಿದೊಡನೆ ಐದು ತಲೆಗಳೂ ಮುಳುಗಿದವು. ಬಂಡೆಯ ಮೇಲಿನ ಒದ್ದೆ ಹೆಜ್ಜೆಗಳು ನಾವು ನೋಡುತ್ತಿದ್ದಂತೆಯೇ ಆರಿಹೋದವು. ಮುದುಕನು ಹೊಳೆಯ ನಡುವೆ ತನ್ನ ಬಲೆಯನ್ನೆತ್ತಿ, ಹರಿದ ಕಡೆಯನ್ನು ಹುಡುಕುತ್ತಿದ್ದನು.