ಪುಷ್ಪಾವತೀತೀರಕ್ಕೆ ಹೊರಡುವ ಕಾಲ

ಬದರೀಯಾತ್ರೆಗೆ ಹೋಗುವ ನಮ್ಮ ಕನ್ನಡ ಗೃಹಸ್ಥರಲ್ಲಿ ಅನೇಕರು ವೈಶಾಖ ಜ್ಯೇಷ್ಠ ಮಾಸಗಳಲ್ಲಿ ಹೊರಡುವರು. ದೇವಾಲಯದ ಬಾಗಿಲು ಆಗತಾನೇ ತೆರೆದಿರುವುದು. ಮಕ್ಕಳಿಗೆ ಶಾಲೆಯ ಬಿಡುವು. ಮಳೆಯ ಭಯವೂ ಅಷ್ಟಿಲ್ಲ. ಹಾದಿಗೆ ಸಮೀಪವಾದ ಹೂವುಗಳ ಕಣಿವೆಯನ್ನೂ ಅದೇ ಪ್ರಯಾಣದಲ್ಲಿ ನೋಡಿಬಿಡೋಣವೆಂದು ಕೆಲವರು ಎಣಿಸುವುದುಂಟು. ನಾನೂ ಹಾಗೆಯೇ ಎಣಿಸಿ ಮೋಸಹೋದವನಾದುದರಿಂದ ಈ ನಾಲ್ಕು ಮಾತುಗಳನ್ನು ಬರೆಯಲು ತೊಡಗಿದ್ದೇನೆ.

ಮರಗಳು ಬೆಳೆಯಲಾರದಷ್ಟು ಎತ್ತರದ ಹುಲ್ಲುಗಾವಲಿಗೆ ಗಢವಾಲದ ಜನರು ಬುಗ್ಯಾಲವೆನ್ನುವರು. ಪುಷ್ಪಾವತೀ ನದಿಯ ದಡದ ಈ ಕಣಿವೆಯೂ ಅಂಥದೇ. ಜೋಶೀಮಠದಿಂದ ಬದರಿಗೆ ಹೋಗುವ ಮಾರ್ಗದಲ್ಲಿ ಗೋವಿಂದಘಾಟ್ ಎಂಬಲ್ಲಿ ಇಳಿದು, ಪುಲ್ನಾ ಗ್ರಾಮದಿಂದ ಕಾಲ್ನಡೆಯಾಗಿಯೋ ಹೇಸರಗತ್ತೆಯ ಮೇಲೋ ಸುಮಾರು ೧೦,೦೦೦ ಅಡಿ ಎತ್ತರದ ಘಾಂಘರಿಯಾವನ್ನು ಸೇರಬೇಕು. ಕಣಿವೆ ಅಲ್ಲಿಂದ ಮುಂದೆ. ೧೯೮೨ರಿಂದ ಇದು ರಾಷ್ಟ್ರೀಯ ಉದ್ಯಾನ. ಒಳಗೆ ರಾತ್ರಿ ತಂಗುವಂತಿಲ್ಲ, ಹೂ ಕೀಳುವಂತಿಲ್ಲ, ಹೇಸರಗತ್ತೆಗೂ ಪ್ರವೇಶವಿಲ್ಲ.

ನನ್ನ ಗೃಹಿಣಿಗೆ ಹಿತ್ತಿಲಿನ ಹೂಗಿಡಗಳೆಂದರೆ ಪ್ರಾಣ. ನಡುರಾತ್ರಿಯಲ್ಲಿ ಅರಳುವ ಬ್ರಹ್ಮಕಮಲಕ್ಕೆ ಆರತಿಯೆತ್ತುವವಳು ಅವಳು. ಅದು ಅಮೆರಿಕಾ ಖಂಡದಿಂದ ಬಂದ ಕಳ್ಳಿಯ ಜಾತಿಯೆಂದೂ, ನಿಜವಾದ ಬ್ರಹ್ಮಕಮಲವು ಹಿಮಾಲಯದ್ದೆಂದೂ ಒಮ್ಮೆ ಪಾಂಡಿತ್ಯವನ್ನು ಮೆರೆದೆನು. ಹಾಗಾದರೆ ಅದನ್ನು ತೋರಿಸಿರೆಂದಳು. ಉಪಾಧ್ಯಾಯನಿಗೆ ಬೇಸಗೆಯ ಹೊರತು ಬಿಡುವೆಲ್ಲಿ? ಇನ್ನೊಂದು ವಾರದ ರಜವನ್ನು ಬೇಡಿ ಪಡೆದು, ಕಣಿವೆಯ ಬಾಗಿಲು ತೆರೆಯುವ ಜೂನ್ ಮೊದಲ ವಾರದಲ್ಲಿಯೇ ಅಲ್ಲಿಗೆ ಕರೆದೊಯ್ದೆನು. ತೊರೆಗಳ ಮೇಲೆ ಇನ್ನೂ ಹಿಮದ ಹೊದಿಕೆ. ಎಲ್ಲೆಡೆಯೂ ಕಳೆದ ವರ್ಷದ ಕಂದು ಹುಲ್ಲು. ಹಿಮ ಕರಗಿದ ಅಂಚಿನಲ್ಲಿ ಅಲ್ಲೊಂದು ಇಲ್ಲೊಂದು ಪುಟ್ಟ ಹೂ. “ಇದಕ್ಕೋಸ್ಕರ ಇಷ್ಟು ದೂರ ಬಂದೆವೇ?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ತಪ್ಪು ಸ್ಥಳದ್ದಲ್ಲ. ಹಿಮ ಕರಗುವುದಕ್ಕೂ ಮತ್ತೆ ಬೀಳುವುದಕ್ಕೂ ನಡುವೆ ಅಲ್ಲಿಯ ಗಿಡಗಳಿಗೆ ದೊರೆಯುವ ಅವಕಾಶ ನಾಲ್ಕೈದು ತಿಂಗಳು ಮಾತ್ರ. ಅಷ್ಟರೊಳಗೆ ಚಿಗುರಿ, ಹೂತು, ಬೀಜಕಟ್ಟಿ ಮುಗಿಸಬೇಕು. ಜುಲೈ ತಿಂಗಳ ಉತ್ತರಾರ್ಧದಿಂದ ಆಗಸ್ಟ್ ತಿಂಗಳ ಮೂರನೆಯ ವಾರದವರೆಗೆ ಕಣಿವೆಯು ತುಂಬಿರುವುದು. ಸೆಪ್ಟೆಂಬರಿನಲ್ಲಿ ಆಕಾಶ ತಿಳಿಯಾಗಿ ಶಿಖರಗಳು ಚೆನ್ನಾಗಿ ಕಾಣುವುವು, ಆದರೆ ಹೂಗಳು ಬೀಜಕ್ಕೆ ತಿರುಗಿರುವುವು. ಅಂದರೆ, ವಿವೇಕಿಗಳು ಬೆಟ್ಟದ ಹಾದಿಯನ್ನು ಹಿಡಿಯಬಾರದೆನ್ನುವ ಮಳೆಗಾಲವೇ ಅಲ್ಲಿಯ ವಸಂತ. ೧೯೩೧ರಲ್ಲಿ ಕಾಮೆಟ್ ಶಿಖರವನ್ನೇರಿ ಮರಳುತ್ತಿದ್ದ ಫ್ರಾಂಕ್ ಸ್ಮೈಥ್ ಮತ್ತು ಸಂಗಡಿಗರು ಈ ಕಣಿವೆಗೆ ಇಳಿದದ್ದೂ ಮಳೆಗಾಲದಲ್ಲಿಯೇ. ಕುರಿಗಾಹಿಗಳಿಗೆ ಮೊದಲೇ ತಿಳಿದಿದ್ದ ಸ್ಥಳವು ಆತನ ೧೯೩೮ರ ಗ್ರಂಥದಿಂದ ಜಗತ್ತಿಗೆ ತಿಳಿಯಿತು.

ಅಪಾಯವನ್ನು ಮುಚ್ಚಿಡಲಾರೆನು. ೧೯೩೯ರಲ್ಲಿ ಸಸ್ಯಸಂಗ್ರಹಕ್ಕೆ ಬಂದ ಜೋನ್ ಮಾರ್ಗರೆಟ್ ಲೆಗ್ ಎಂಬ ಆಂಗ್ಲಮಹಿಳೆ ಕಾಲುಜಾರಿ ಬಿದ್ದು ಮೃತಳಾದಳು; ಆಕೆಯ ಸಮಾಧಿ ಕಣಿವೆಯಲ್ಲಿಯೇ ಇದೆ. ಮಳೆಗಾಲದಲ್ಲಿ ಗುಡ್ಡ ಕುಸಿದು ಬದರಿಯ ರಸ್ತೆ ದಿನಗಟ್ಟಲೆ ಮುಚ್ಚುವುದುಂಟು. ಜೂನ್ ತಿಂಗಳು ನಿರ್ಭಯವೆನ್ನೋಣವೇ? ಗೋವಿಂದಘಾಟನ್ನು ಹಾಳುಗೆಡವಿದ ೨೦೧೩ರ ಪ್ರವಾಹವು ಬಂದದ್ದು ಜೂನ್ ತಿಂಗಳಲ್ಲಿಯೇ! ಆದಕಾರಣ ಮೂರು ದಿನಗಳನ್ನು ಹೆಚ್ಚಾಗಿ ಕೈಯಲ್ಲಿಟ್ಟುಕೊಂಡು, ರೈಲಿನ ಚೀಟಿಗೆ ಕಟ್ಟುಬೀಳದೆ ಹೊರಡತಕ್ಕದ್ದು. ಬೆಳಗ್ಗೆಯೇ ಕಣಿವೆಯನ್ನು ಹೊಕ್ಕು ಮಧ್ಯಾಹ್ನದ ಮೋಡ ಇಳಿಯುವುದರೊಳಗೆ ಹಿಂದಿರುಗುವುದು ಲೇಸು.

ಪಂಚಾಂಗದ ವಿಷಯವೊಂದಿದೆ. ಉತ್ತರದೇಶದವರದು ಪೂರ್ಣಿಮಾಂತ ಗಣನೆ. ಅವರ ಶ್ರಾವಣವು ನಮ್ಮ ಆಷಾಢ ಬಹುಳದಲ್ಲಿಯೇ ಆರಂಭವಾಗುವುದು. ಆ ಪಕ್ಷದಲ್ಲಿ ಗಂಗಾಜಲವನ್ನು ಹೊರುವ ಕಾವಡಿಯವರಿಂದ ಹರಿದ್ವಾರ ಹೃಷೀಕೇಶಗಳ ದಾರಿಗಳು ತುಂಬಿಹೋಗುವುವು. ನಮ್ಮ ಭೀಮನ ಅಮಾವಾಸ್ಯೆಯ ವೇಳೆಗೆ ಆ ಸಂದಣಿ ಕರಗುವುದು. ಅದು ಕಳೆದ ಮೇಲೆ ಹೊರಟರೆ ದಾರಿಯೂ ಸುಲಭ, ಹೂವೂ ಸಿದ್ಧ.

ನಿವೃತ್ತನಾದ ಮೇಲೆ ಹಾಗೆಯೇ ಹೊರಟೆವು. ಅಷ್ಟರಲ್ಲಿ ಅವಳ ಮಂಡಿಗಳು ಸೋತಿದ್ದುವು. ಘಾಂಘರಿಯಾದವರೆಗೆ ಹೇಸರಗತ್ತೆ ಹೊತ್ತಿತು. ಕಣಿವೆಗೆ ನಾನೊಬ್ಬನೇ ಹೋಗಬೇಕಾಯಿತು. ನಮ್ಮ ಕರ್ಣಕುಂಡಲದ ದಾಯಾದಿಯಾದ ನಸುಗೆಂಪು ಹೂಗಳು ಎದೆಯೆತ್ತರಕ್ಕೆ ಬೆಳೆದಿದ್ದುವು. ಬಂಡೆಗಳ ಸಂದಿನಲ್ಲಿ ಗಸಗಸೆಯ ಕುಲದ ನೀಲಿ ಹೂ ಮಂಜಿನಲ್ಲಿ ತೊಯ್ದು ನಿಂತಿತ್ತು. ಸಂಜೆ ಮರಳಿ ಬಂದು ಒಂದೊಂದನ್ನೂ ವರ್ಣಿಸಿದೆನು. ಅವಳು ಮೌನವಾಗಿ ಕೇಳಿದಳು. ಒಬ್ಬನೇ ಕಂಡದ್ದನ್ನು ಹೇಳುವಾಗ ನನ್ನ ಸ್ವರವೇ ನನಗೆ ಅಪರಾಧಿಯದರಂತೆ ಕೇಳಿಸಿತು.

ಮಾರನೆಯ ದಿನ ಸಿಖ್ಖರ ಪುಣ್ಯಕ್ಷೇತ್ರವಾದ ಹೇಮಕುಂಡಕ್ಕೆ ಹೊರಟೆವು. ೧೪,೦೦೦ ಅಡಿಗಳಿಗೂ ಮೇಲಿರುವ ಆ ಸರೋವರದವರೆಗೆ ಹೇಸರಗತ್ತೆ ಹೋಗುತ್ತದೆ. ಮೇಲೇರಿದಂತೆ ತುಂತುರುಮಳೆ. ಕೊನೆಯ ತಿರುವಿನ ಬಂಡೆಗಳ ನಡುವೆ, ಕಾಗದದಂತೆ ತೆಳುವಾದ ಹಳದಿಹಸಿರು ಎಸಳುಗಳ ಬಟ್ಟಲುಗಳು ಕಂಡುವು. ಒಳಗೆ ಕಪ್ಪುನೇರಳೆಯ ಗೊಂಚಲು. ಗತ್ತೆಯವನು ತಾನೇ ನಿಲ್ಲಿಸಿ “ಬ್ರಹ್ಮಕಮಲ್” ಎಂದನು. ಅವಳು ಕೊಡೆಯನ್ನು ಮಡಿಸಿ, ಮಳೆಯಲ್ಲಿಯೇ ಬಹಳ ಹೊತ್ತು ನೋಡಿದಳು.

“ನಮ್ಮ ಹಿತ್ತಿಲಿನದು ಇದಕ್ಕಿಂತ ಬೆಳ್ಳಗಿದೆ” ಎಂದಳು. ಅನಂತರ, “ಇಳಿಯುವಾಗಲೂ ಇಲ್ಲಿ ನಿಲ್ಲಿಸಲು ಅವನಿಗೆ ಹೇಳಿ” ಎಂದಳು.