ಫರ್ಮಾನು ನಿಜಾಮನದು, ಆಡಳಿತ ಸೇನೆಯದು

ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯಕ್ಕೆ ಹೋದವರೆಲ್ಲ ಮುಸುಕು ಹೊದ್ದ ರೆಬೆಕಾಳ ಮುಂದೆ ನಿಂತೇ ನಿಲ್ಲುತ್ತಾರೆ. ಮುಸುಕೂ ಅಮೃತಶಿಲೆ, ಅದರೊಳಗಿಂದ ಹೊಳೆಯುವ ಮುಖವೂ ಅಮೃತಶಿಲೆ. 1876ರಲ್ಲಿ ನಿಜಾಮರ ದಿವಾನರಾಗಿದ್ದ ಮೊದಲನೇ ಸಾಲಾರ್ ಜಂಗ್ ಅದನ್ನು ರೋಮಿನಲ್ಲಿ ಕೊಂಡರು. ಕೊಪ್ಪಳ, ಯಲಬುರ್ಗಾ ಕಡೆಯವರು ಅಲ್ಲಿ ನಿಂತಾಗ ಒಂದು ಸಂಗತಿ ನೆನೆಯಬೇಕು. ಆ ಮನೆತನದ ಬೊಕ್ಕಸ ತುಂಬಿದ ಊರುಗಳಲ್ಲಿ ತಮ್ಮವೂ ಇದ್ದವು. ಎರಡೂ ತಾಲ್ಲೂಕುಗಳು ಸಾಲಾರ್ ಜಂಗರ ಜಹಗೀರು. ಜೋಳ, ಹತ್ತಿ ಬೆಳೆದು ರೈತ ಕಟ್ಟಿದ ಕಂದಾಯ ಸರ್ಕಾರಿ ಖಜಾನೆಗೆ ಹೋಗದೆ ಜಹಗೀರುದಾರರ ಪೆಟ್ಟಿಗೆ ಸೇರುತ್ತಿತ್ತು.

ಪಕ್ಕದ ಗಂಗಾವತಿ, ಕುಷ್ಟಗಿಗಳ ಕಥೆ ಬೇರೆ. ಅವು ‘ದಿವಾನಿ’ ತಾಲ್ಲೂಕುಗಳು, ಅಂದರೆ ಹೈದರಾಬಾದ್ ಸಂಸ್ಥಾನದ ನಿಜಾಮ್ ಸರ್ಕಾರದ ನೇರ ಆಡಳಿತದವು. ಅದರಲ್ಲೂ ಗಂಗಾವತಿಯ ಒಡಲಲ್ಲಿ ವಿಜಯನಗರದ ಅರಸರ ವಂಶಸ್ಥರ ಆನೆಗುಂದಿ ಸಂಸ್ಥಾನ. ನಾಲ್ಕೂ ರಾಯಚೂರು ಜಿಲ್ಲೆಯ ನಕ್ಷೆಯೊಳಗೇ ಇದ್ದವು, ಆದರೆ ಒಂದು ಊರಿನ ರೈತ ಸರ್ಕಾರಿ ತಹಶೀಲ್ದಾರನಿಗೆ ಕೈಮುಗಿದರೆ ಹತ್ತಾರು ಹರದಾರಿ ಆಚೆಯವನು ಜಹಗೀರುದಾರನ ಅಮಲ್ದಾರನಿಗೆ ಕೈಮುಗಿಯಬೇಕಿತ್ತು. ದೊಡ್ಡ ಜಹಗೀರುಗಳಿಗೆ ತಮ್ಮದೇ ಕಚೇರಿ, ಪೊಲೀಸು, ನ್ಯಾಯಾಲಯಗಳೂ ಇದ್ದವು. ತುಂಗಭದ್ರೆ ದಾಟಿದರೆ ಮದ್ರಾಸ್ ಪ್ರಾಂತ್ಯದ ಬಳ್ಳಾರಿ, ಪಡುವಣಕ್ಕೆ ಮುಂಬೈ ಪ್ರಾಂತ್ಯದ ಧಾರವಾಡ. ಗಡಿಯಾಚೆಯ ಕನ್ನಡಿಗರು ಈ ಸೀಮೆಯನ್ನೆಲ್ಲ ಒಟ್ಟಿಗೆ ‘ಮೊಗಲಾಯಿ’ ಎನ್ನುತ್ತಿದ್ದರು.

ಈ ತುಂಡು ತುಂಡು ನಕ್ಷೆಗೆ ಹೊಲಿಗೆ ಬಿದ್ದದ್ದು 1948-49ರಲ್ಲಿ ಭಾರತದ ಸೇನೆ ಆಳಿದ ಸುಮಾರು 15 ತಿಂಗಳಲ್ಲಿ. ಪ್ರತಿ ಸೆಪ್ಟೆಂಬರ್ 17ರಂದು ಧ್ವಜ ಏರುತ್ತದೆ, ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಐದು ದಿನಗಳ ಕಾರ್ಯಾಚರಣೆಯನ್ನು ಭಾಷಣಗಳು ನೆನೆಯುತ್ತವೆ. ಆರನೆಯ ದಿನದಿಂದ ಆದದ್ದೇನು ಎಂದು ಕೇಳುವವರು ಕಡಿಮೆ. ನಮ್ಮ ಹೊಲದ ಪಹಣಿಯ ಹಿಂದಿನ ಕಥೆ ಮಾತ್ರ ಆ ಆರನೆಯ ದಿನದಿಂದ ಶುರುವಾಗುತ್ತದೆ.

ಗಡಿಯಲ್ಲಿ ಕಾವು ಏರಿದ್ದು ಅದಕ್ಕೂ ಮೊದಲು. 1947ರ ನವೆಂಬರ್ 29ರಂದು ನಿಜಾಮ್ ಉಸ್ಮಾನ್ ಅಲಿ ಖಾನ್ ಭಾರತದೊಡನೆ ಯಥಾಸ್ಥಿತಿ ಒಪ್ಪಂದಕ್ಕೆ ಸಹಿ ಹಾಕಿದರು. ವಿಲೀನಕ್ಕೆ ಒಪ್ಪಲಿಲ್ಲ. ನಿಜಾಮರ ಪರ ನಿಂತ ಖಾಸಿಂ ರಜ್ವಿಯ ಖಾಸಗಿ ಪಡೆಯಾದ ರಜಾಕಾರರ ಹಾವಳಿ ಹೆಚ್ಚಿದಂತೆ ಹಳ್ಳಿಗರು ಗಂಟುಮೂಟೆ ಕಟ್ಟಿ ಗಡಿ ದಾಟಿದರು. ಅಳವಂಡಿ ಶಿವಮೂರ್ತಿಸ್ವಾಮಿ ಮುಂಡರಗಿಯಲ್ಲಿ, ಪುಂಡಲೀಕಪ್ಪ ಜ್ಞಾನಮೋಠೆ ಗಜೇಂದ್ರಗಡದಲ್ಲಿ ಹೋರಾಟಗಾರರ ಶಿಬಿರಗಳನ್ನು ನಡೆಸಿದರು. ಶಿಬಿರದ ಹುಡುಗರು ರಾತ್ರಿ ಗಡಿ ನುಸುಳಿ ಸುಂಕದ ನಾಕೆಗಳ ಮೇಲೆ, ಠಾಣೆಗಳ ಮೇಲೆ ಬೀಳುತ್ತಿದ್ದರು. ಮುಂಡರಗಿಗೆ ಇದು ಹೊಸತೂ ಆಗಿರಲಿಲ್ಲ. 1858ರಲ್ಲಿ ಮುಂಡರಗಿ ಭೀಮರಾಯ ಇದೇ ಹಾದಿಯಲ್ಲಿ ಬಂದು ಕೊಪ್ಪಳದ ಕೋಟೆ ಹಿಡಿದು, ಬ್ರಿಟಿಷರೊಡನೆ ಕಾದು ಪ್ರಾಣ ಕೊಟ್ಟಿದ್ದ.

1948ರ ಸೆಪ್ಟೆಂಬರ್ 13ರ ನಸುಕಿಗೆ ಭಾರತದ ಸೇನೆ ಒಳನುಗ್ಗಿತು. ಮುಖ್ಯ ದಾಳಿ ಸೊಲ್ಲಾಪುರದ ಕಡೆಯಿಂದ. 17ರ ಸಂಜೆಗೆ ನಿಜಾಮರು ಕದನ ನಿಲ್ಲಿಸಿದರು, 18ರಂದು ಅವರ ಸೇನಾಪತಿ ಎಲ್ ಎದ್ರೂಸ್ ಮೇಜರ್ ಜನರಲ್ ಜೆ.ಎನ್. ಚೌಧುರಿಯವರಿಗೆ ಶರಣಾದರು. ಚೌಧುರಿಯವರೇ ಮಿಲಿಟರಿ ಗವರ್ನರ್.

ಸಂಸ್ಥಾನಕ್ಕೆ 82,000 ಚದರ ಮೈಲಿಗೂ ಮಿಗಿಲಾದ ನೆಲ, 16 ಜಿಲ್ಲೆ, 1941ರ ಜನಗಣತಿಯಂತೆ ಒಂದೂವರೆ ಕೋಟಿ ಮೀರಿದ ಜನ. ಒಬ್ಬ ಸೇನಾಧಿಕಾರಿ ಇದನ್ನು ಆಳುವುದಾದರೆ ಯಾವ ಕಾನೂನಿನ ಬಲದಿಂದ? ಯುದ್ಧದಲ್ಲಿ ವಶವಾದ ನೆಲಕ್ಕೆ 1907ರ ಹೇಗ್ ನಿಯಮಗಳಿವೆ. ಅವುಗಳ ಪ್ರಕಾರ ಗೆದ್ದ ಸೇನೆ ಶಾಂತಿ ಕಾಪಾಡಬೇಕು, ಅನಿವಾರ್ಯವಾಗದ ಹೊರತು ಅಲ್ಲಿನ ಕಾನೂನನ್ನು ಮುರಿಯಕೂಡದು. ಜಹಗೀರು ರದ್ದು ಮಾಡುವಂಥ ಬುಡಮೇಲು ಕೆಲಸಕ್ಕೆ ಅಲ್ಲಿ ಎಡೆ ಕಡಿಮೆ. ದೆಹಲಿ ಈ ಕಾರ್ಯಾಚರಣೆಯನ್ನು ಯುದ್ಧವೆಂದು ಕರೆಯಲೇ ಇಲ್ಲ. ಹೈದರಾಬಾದಿನ ದೂರು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಮುಂದಿತ್ತು. ಸೆಪ್ಟೆಂಬರ್ 16ರಂದು ಪ್ಯಾರಿಸ್ಸಿನಲ್ಲಿ ಅದು ಚರ್ಚೆಗೂ ಬಂತು. ‘ಪೊಲೀಸ್ ಆ್ಯಕ್ಷನ್’ ಎಂಬ ಹೆಸರು ಆ ಹೊತ್ತಿನ ಅಗತ್ಯವಾಗಿತ್ತು. ನಮ್ಮ ಹಳ್ಳಿಗಳಲ್ಲಿ ಇಂದಿಗೂ ಅದೇ ಹೆಸರು.

ಈ ಕಾನೂನಿನ ಬಿಕ್ಕಟ್ಟನ್ನು ಬಿಡಿಸಿದ್ದು ನಿಜಾಮರದೇ ಫರ್ಮಾನು. ಆಡಳಿತದ ಸಕಲ ಅಧಿಕಾರವನ್ನೂ, ಕಾನೂನು ಮಾಡುವ ಹಕ್ಕನ್ನೂ ಅದು ಚೌಧುರಿಯವರಿಗೆ ಕೊಟ್ಟಿತು. ಸೋತ ಅರಸನ ರುಜುವಿನಿಂದಲೇ ಗೆದ್ದ ಸೇನಾಪತಿ ಆಳಿದ. ಅದೇ ವರ್ಷಗಳಲ್ಲಿ ಜಪಾನಿನಲ್ಲಿಯೂ ಇಂಥದೇ ನಡೆಯುತ್ತಿತ್ತು. ಜನರಲ್ ಮೆಕಾರ್ಥರ್ ಚಕ್ರವರ್ತಿಯನ್ನು ಪೀಠದಲ್ಲಿ ಉಳಿಸಿಕೊಂಡು, ಜಪಾನಿನ ಸರ್ಕಾರದ ಕೈಯಿಂದಲೇ ಜಮೀನ್ದಾರರ ನೆಲವನ್ನು ಗೇಣಿದಾರರಿಗೆ ಕೊಡಿಸಿದ. ಚೌಧುರಿಯವರ ಕೆಳಗೆ ಮುಂಬೈ ಪ್ರಾಂತ್ಯದ ಐಸಿಎಸ್ ಅಧಿಕಾರಿ ಡಿ.ಎಸ್. ಬಖಲೆ ಮುಖ್ಯ ಸಿವಿಲ್ ಆಡಳಿತಗಾರರಾದರು. ಜಿಲ್ಲೆಗಳಿಗೆ ಮುಂಬೈ, ಮದ್ರಾಸ್, ಮಧ್ಯಪ್ರಾಂತ್ಯಗಳಿಂದ ಅಧಿಕಾರಿಗಳು ಬಂದಿಳಿದರು.

ಇಲ್ಲಿ ನಿಂತು ಒಂದು ಕಹಿ ಮಾತು ಹೇಳಲೇಬೇಕು. ಕಾರ್ಯಾಚರಣೆಯ ಬೆನ್ನಿಗೇ, ರಜಾಕಾರರ ದೌರ್ಜನ್ಯಕ್ಕೆ ಸೇಡು ಎಂದು ಏನೂ ಅರಿಯದ ಸಾವಿರಾರು ಮುಸ್ಲಿಮರನ್ನು ಕೊಂದರು, ಮನೆಗಳನ್ನು ಲೂಟಿ ಮಾಡಿದರು. ಭಾರತ ಸರ್ಕಾರ ಕಳಿಸಿದ ಪಂಡಿತ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್ ಅವರಿದ್ದ ಸಮಿತಿ ಸಂಸ್ಥಾನವನ್ನು ಸುತ್ತಿ, ಸತ್ತವರ ಸಂಖ್ಯೆ 27,000ದಿಂದ 40,000 ಎಂದು ಅಂದಾಜಿಸಿತು. ಕೆಲವೆಡೆ ಸೈನಿಕರೂ ಪೊಲೀಸರೂ ಕೈಜೋಡಿಸಿದ್ದನ್ನು ಬರೆಯಿತು. ಹೆಚ್ಚು ನಲುಗಿದವೆಂದು ಅದು ಹೆಸರಿಸಿದ್ದು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್ ಜಿಲ್ಲೆಗಳನ್ನು. ರಾಯಚೂರು ಆ ನಾಲ್ಕರಲ್ಲಿಲ್ಲ. ಆದರೆ ಆ ವರದಿ ದಶಕಗಳ ಕಾಲ ಜನರ ಕೈಗೆ ಸಿಗದೆ ಉಳಿಯಿತು. ರಜಾಕಾರರಿಂದ ನೊಂದವರ ಕಣ್ಣೀರಿನ ಜೊತೆ ಈ ಕಣ್ಣೀರನ್ನೂ ಎಣಿಸದೆ ವಿಮೋಚನೆಯ ಕಥೆ ಹೇಳಲು ನನಗೆ ಮನಸ್ಸು ಒಪ್ಪುವುದಿಲ್ಲ.

ಇನ್ನು ನೆಲದ ವಿಷಯ. 1949ರ ಫೆಬ್ರವರಿಯಲ್ಲಿ ಮೊದಲು ನಿಜಾಮರ ಸ್ವಂತ ಆಸ್ತಿಯಾದ ‘ಸರ್ಫೆ ಖಾಸ್’ ಸರ್ಕಾರಕ್ಕೆ ಸೇರಿತು. ದೊರೆಯದೇ ಹೋದ ಮೇಲೆ ಜಹಗೀರುದಾರರು ಏನೆಂದಾರು? ಮಾರ್ಚ್ 2ರಂದು ಮೂರನೇ ಸಾಲಾರ್ ಜಂಗ್, ಮೀರ್ ಯೂಸುಫ್ ಅಲಿ ಖಾನ್ ತೀರಿಕೊಂಡರು. ಮದುವೆಯಾಗಿರಲಿಲ್ಲ, ಮಕ್ಕಳಿರಲಿಲ್ಲ. ಕೊಪ್ಪಳ, ಯಲಬುರ್ಗಾಗಳ ಒಡೆಯ ಹೀಗೆ ಇಲ್ಲವಾದ. ಐದು ತಿಂಗಳಿಗೆ ಒಡೆತನವೂ ಇಲ್ಲವಾಯಿತು. ಆಗಸ್ಟ್ 15ರಂದು ಜಹಗೀರು ರದ್ದತಿಯ ನಿಯಮ ಹೊರಬಿತ್ತು. ಅದರ ಮೇಲಿನ ವರ್ಷ ಇನ್ನೂ 1358 ಫಸಲಿ! ಮೊಗಲರ ಕಾಲದ ಕಂದಾಯ ಪಂಚಾಂಗದಲ್ಲೇ ಆ ಕಾಲದ ವ್ಯವಸ್ಥೆಯನ್ನು ಮುಗಿಸಿದರು. ಸಂಸ್ಥಾನದ 6,000ಕ್ಕೂ ಹೆಚ್ಚು ಹಳ್ಳಿಗಳು ದಿವಾನಿಯೊಳಗೆ ಕರಗಿದವು. ಜಹಗೀರುದಾರರಿಗೆ ಪರಿಹಾರ ನಿಗದಿಯಾಯಿತು. ಕಂದಾಯ ಮಾತ್ರ ಇನ್ನು ಸರ್ಕಾರಕ್ಕೆ.

ಸೇನೆಗೆ ಇಷ್ಟು ಅವಸರ ಏಕೆ? ತೆಲಂಗಾಣದಲ್ಲಿ ಕಮ್ಯುನಿಸ್ಟರು ನೆಲ ಹಂಚುತ್ತಿದ್ದರು. ಬಂದೂಕಿನಿಂದ ಮಾತ್ರ ಅದನ್ನು ತಡೆಯಲಾಗದೆಂದು ಆಳುವವರಿಗೆ ತಿಳಿದಿತ್ತು. ನಲ್ಗೊಂಡದ ರೈತ ಎತ್ತಿದ ದನಿಯ ಫಲದಲ್ಲಿ ಯಲಬುರ್ಗಾದ ರೈತನಿಗೂ ಪಾಲು ಬಂತು. ಆದರೆ ಜಹಗೀರು ಹೋಗಿದ್ದೇ ಉಳುವವನು ಒಡೆಯನಾಗಲಿಲ್ಲ. ಗೇಣಿ ಹಾಗೇ ಇತ್ತು, ಊರ ಗೌಡ-ಪಟವಾರಿಗಳ ಹಿಡಿತವೂ ಹಾಗೇ. ಗೇಣಿದಾರರಿಗೆ ಒಂದಿಷ್ಟು ರಕ್ಷಣೆ ಕೊಟ್ಟ ಕಾಯ್ದೆ ಬಂದದ್ದು 1950ರ ಜೂನ್‌ನಲ್ಲಿ, ಸೇನಾಡಳಿತ ಮುಗಿದ ಮೇಲೆ.

ಹಳೆಯದು ಒಂದೇ ಏಟಿಗೆ ಹೋಗಲಿಲ್ಲ. ಸಂತೆಯಲ್ಲಿ ಹಾಲಿ ರೂಪಾಯಿಯೇ ಓಡಾಡುತ್ತಿತ್ತು; ಏಳು ಹಾಲಿಗೆ ಆರು ಭಾರತದ ರೂಪಾಯಿ. ಉರ್ದು ಮಾಧ್ಯಮದ ಉಸ್ಮಾನಿಯಾ ವಿಶ್ವವಿದ್ಯಾಲಯ ಇಂಗ್ಲಿಷಿಗೆ ತಿರುಗಿತು. ಕೊಪ್ಪಳ ತಾಲ್ಲೂಕಿನ ಮುನಿರಾಬಾದಿನಲ್ಲಿ ಹೈದರಾಬಾದ್ ಮತ್ತು ಮದ್ರಾಸ್ ಸರ್ಕಾರಗಳು ಕೂಡಿ 1945ರಲ್ಲಿ ಅಡಿಗಲ್ಲು ಹಾಕಿದ್ದ ತುಂಗಭದ್ರಾ ಅಣೆಕಟ್ಟೆಯ ಕೆಲಸ ಸಾಗುತ್ತಿತ್ತು. ಅದರ ಎಡದಂಡೆ ಕಾಲುವೆಯೇ ಮುಂದೆ ಗಂಗಾವತಿಯನ್ನು ಭತ್ತದ ಕಣಜ ಮಾಡಿತು.

ಹೊರಗಿನಿಂದ ಬಂದ ಅಧಿಕಾರಿಗಳ ವಿಷಯದಲ್ಲಿ ಅಸಮಾಧಾನ ಬೇಗ ಬೆಳೆಯಿತು. ‘ಮುಲ್ಕಿ’ಗಳಿಗೆ, ಅಂದರೆ ಈ ನಾಡಿನವರಿಗೆ ನೌಕರಿ ಮೊದಲು ಎಂಬ ಹಳೆಯ ಕಟ್ಟಳೆಯಿತ್ತು. 1952ರಲ್ಲಿ ಹೈದರಾಬಾದ್ ನಗರದ ಬೀದಿಗಳಲ್ಲಿ ಅದೇ ಕೂಗಾಯಿತು. ಆರು ದಶಕಗಳ ನಂತರ ಸಂವಿಧಾನಕ್ಕೆ ಈ ಸೀಮೆಗೆ ವಿಶೇಷ ಸ್ಥಾನ ಕೊಡುವ 371(ಜೆ) ವಿಧಿ ಸೇರಿದಾಗ, ಸ್ಥಳೀಯರಿಗೆ ನೌಕರಿಯ ಪಾಲು ಎಂಬ ಆ ಮಾತಿನಲ್ಲಿ ನನಗೆ ಕೇಳಿಸಿದ್ದು ಅದೇ ಮುಲ್ಕಿ ದನಿ.

1949ರ ಕೊನೆಗೆ ಚೌಧುರಿಯವರ ಆಳ್ವಿಕೆ ಮುಗಿಯಿತು. 1950ರ ಜನವರಿ 26ರಿಂದ ನಿಜಾಮರು ರಾಜಪ್ರಮುಖರು, ಎಂ.ಕೆ. ವೆಲ್ಲೋಡಿ ಮುಖ್ಯಮಂತ್ರಿ. ವೆಲ್ಲೋಡಿಯವರೂ ಐಸಿಎಸ್ ಅಧಿಕಾರಿಯೇ, ಯಾರೂ ಆರಿಸಿದವರಲ್ಲ. ಸೇನೆ ಹೋಗಿತ್ತು, ಮತ ಇನ್ನೂ ಬಂದಿರಲಿಲ್ಲ. ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಈ ಸೀಮೆಯ ಲೋಕಸಭಾ ಕ್ಷೇತ್ರದ ಹೆಸರು ಕುಷ್ಟಗಿ. ಜಹಗೀರಿನವರು, ದಿವಾನಿಯವರು ಒಂದೇ ಸಾಲಿನಲ್ಲಿ ನಿಂತು ಮತ ಹಾಕಿದರು. ನಾಲ್ಕು ವರ್ಷದ ಹಿಂದೆ ಗಡಿಯಾಚೆ ಮುಂಡರಗಿಯಲ್ಲಿ ಶಿಬಿರ ಹೂಡಿದ್ದ ಅಳವಂಡಿ ಶಿವಮೂರ್ತಿಸ್ವಾಮಿ, ಕಾಂಗ್ರೆಸ್ಸಿನ ಟಿಕೆಟ್ಟಿಲ್ಲದೆ, ಪಕ್ಷೇತರರಾಗಿ ಗೆದ್ದು ದೆಹಲಿಗೆ ಹೋದರು.